ಗಾರ್ಡ್‌ಗಳನ್ನು ಯಾವಾಗ ಆಡಿಸಬೇಕು, ಯಾವಾಗ ಕೂರಿಸಬೇಕು: ಒಂದು ನೋಟ್‌ಬುಕ್ ಲೆಕ್ಕ

ಬಳ್ಳಾರಿಯಲ್ಲಾಗಲಿ, ರಾಯಚೂರಲ್ಲಾಗಲಿ, ಬಾಸ್ಕೆಟ್‌ಬಾಲ್ ಮ್ಯಾಚ್ ಮುಗಿದ ಕೂಡಲೇ ಎಲ್ಲರೂ ಕೇಳುವುದು ಒಂದೇ ಮಾತು. ಯಾರು ಎಷ್ಟು ಹೊಡೆದರು? ಬೋರ್ಡ್ ಕೆಳಗೆ ಆಡುವ ಎತ್ತರದ ಹುಡುಗನಿಗೆ ಈ ಪ್ರಶ್ನೆ ಸ್ವಲ್ಪ ಮಟ್ಟಿಗೆ ಸರಿ. ಗಾರ್ಡ್‌ಗೆ ಇದು ಸಾಲದು. ಬಾಲ್ ಮುಂದಕ್ಕೆ ತರುವವನು ಅವನು, ಯಾರಿಗೆ ಯಾವಾಗ ಕೊಡಬೇಕು ಅಂತ ನೋಡುವವನು ಅವನು, ಎದುರು ತಂಡದ ವೇಗದ ಆಟಗಾರನನ್ನು ತಡೆಯುವವನೂ ಅವನೇ. ಅವನು ಕೋರ್ಟಲ್ಲಿ ಇದ್ದಾಗ ಉಳಿದ ನಾಲ್ವರ ಆಟ ಹೇಗಿತ್ತು ಅನ್ನೋದೇ ಅವನ ನಿಜವಾದ ಲೆಕ್ಕ.

ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಕಿಲ್ಲ. ಒಂದು ಉದ್ದನೆ ನೋಟ್‌ಬುಕ್, ಎರಡು ಪೆನ್ನು, ಆಟ ಗೊತ್ತಿರುವ ಇಬ್ಬರು ಸಾಕು. ಮೇಜಿನ ಮೇಲಿನ ಅಧಿಕೃತ ಸ್ಕೋರ್‌ಶೀಟ್‌ನಲ್ಲಿ ಯಾರು ಎಷ್ಟು ಪಾಯಿಂಟ್ ಮಾಡಿದರು, ಯಾರ ಮೇಲೆ ಎಷ್ಟು ಫೌಲ್ ಅನ್ನೋದು ಸಿಗುತ್ತದೆ. ಆದರೆ ಅಸಿಸ್ಟ್ (ಬಿದ್ದ ಶಾಟ್‌ಗೆ ದಾರಿ ಮಾಡಿದ ಪಾಸ್) ಅದರಲ್ಲಿ ಇರುವುದಿಲ್ಲ, ಟರ್ನೋವರ್ (ಶಾಟ್ ಎಸೆಯದೆ ಬಾಲ್ ಕಳೆದುಕೊಳ್ಳುವುದು) ಇರುವುದಿಲ್ಲ, ಯಾರು ಎಷ್ಟು ನಿಮಿಷ ಆಡಿದರು ಅನ್ನೋದೂ ಇರುವುದಿಲ್ಲ. ಗಾರ್ಡ್ ಬಗ್ಗೆ ತಿಳಿಯಲು ಬೇಕಾಗಿರುವುದು ಈ ಮೂರೇ ಅಲ್ವಾ? ಅದಕ್ಕೇ ನಾವೇ ಬರೆದುಕೊಳ್ಳಬೇಕು.

ಒಬ್ಬರು ಆಟ ಬರೆಯಲಿ: ಶಾಟ್, ಬಿತ್ತೋ ಇಲ್ಲವೋ, ಎರಡು ಪಾಯಿಂಟಿನದ್ದೋ ಮೂರರದ್ದೋ, ಫೌಲ್‌ಗೆ ಸಿಗುವ ಫ್ರೀ ಥ್ರೋ, ತಪ್ಪಿದ ಶಾಟ್ ಹಿಡಿಯುವ ರಿಬೌಂಡ್, ಟರ್ನೋವರ್. ಇನ್ನೊಬ್ಬರು ಬದಲಿ ಮಾತ್ರ ಬರೆಯಲಿ. ಒಬ್ಬ ಹೊರಗೆ ಬಂದು ಇನ್ನೊಬ್ಬ ಒಳಗೆ ಹೋದಾಗಲೆಲ್ಲ ಮೂರೇ ವಿಷಯ: ಗಡಿಯಾರದಲ್ಲಿ ಎಷ್ಟಿತ್ತು, ಸ್ಕೋರ್ ಎಷ್ಟಿತ್ತು, ಈಗ ಒಳಗಿರುವ ಗಾರ್ಡ್‌ಗಳು ಯಾರು. ಈ ಎರಡನೇ ಕೆಲಸ ಸುಲಭ ಅನ್ನಿಸುತ್ತದೆ, ಆದರೆ ಎಲ್ಲಾ ಲೆಕ್ಕ ನಿಲ್ಲುವುದು ಇದರ ಮೇಲೆ. ಅದಕ್ಕೆ ಗಮನ ತಪ್ಪದವರನ್ನೇ ಕೂರಿಸಿ.

ಈಗ ಒಂದು ಉದಾಹರಣೆ ನೋಡೋಣ, ಅಂಕಿಗಳು ಲೆಕ್ಕ ತೋರಿಸಲು ನಾನೇ ಹಾಕಿಕೊಂಡವು. 4ನೇ ನಂಬರ್ ಜೆರ್ಸಿಯ ಹುಡುಗ 28 ನಿಮಿಷ ಆಡಿ 14 ಪಾಯಿಂಟ್ ಮಾಡಿದ ಅಂದುಕೊಳ್ಳಿ. 11ನೇ ನಂಬರಿನವನು 14 ನಿಮಿಷ ಆಡಿ 6 ಮಾಡಿದ. ಹೊರಗಿನಿಂದ ನೋಡಿದರೆ 4 ಬಹಳ ಮುಂದೆ. ನಿಮಿಷಕ್ಕೆ ಹಂಚಿ ನೋಡಿ. 11 ಕೂಡ ಇದೇ ವೇಗದಲ್ಲಿ 28 ನಿಮಿಷ ಆಡಿದ್ದರೆ 12 ಆಗುತ್ತಿತ್ತು. ಅಂತರ ಎರಡೇ ಪಾಯಿಂಟ್. ಇನ್ನು ಶಾಟ್ ನೋಡಿ. 4 ಎಸೆದದ್ದು 15, ಬಿದ್ದದ್ದು 5, ಅದರಲ್ಲಿ ಎರಡು ಮೂರರದ್ದು. 11 ಎಸೆದದ್ದು 5, ಬಿದ್ದದ್ದು 2, ಅದರಲ್ಲಿ ಒಂದು ಮೂರರದ್ದು. ಇಬ್ಬರದೂ ಉಳಿದ ಪಾಯಿಂಟ್ ಫ್ರೀ ಥ್ರೋದಿಂದ. ಮೂರರ ಬಾಸ್ಕೆಟ್‌ಗೆ ಅರ್ಧ ಬೆಲೆ ಜಾಸ್ತಿ, ಅದಕ್ಕೆ ಬಿದ್ದ ಶಾಟ್‌ಗೆ ಮೂರರ ಅರ್ಧ ಕೂಡಿಸಿ, ಒಟ್ಟು ಎಸೆದದ್ದರಿಂದ ಭಾಗಿಸಬೇಕು. 4ಕ್ಕೆ 15ರಲ್ಲಿ 6, ಅಂದರೆ 40 ಪರ್ಸೆಂಟ್. 11ಕ್ಕೆ 5ರಲ್ಲಿ ಎರಡೂವರೆ, 50 ಪರ್ಸೆಂಟ್. 4 ತನ್ನ ಪಾಯಿಂಟ್‌ಗಾಗಿ ತಂಡದ ಎಷ್ಟು ಶಾಟ್ ಖರ್ಚು ಮಾಡಿದ ಅನ್ನೋದು ಇಲ್ಲಿ ಗೊತ್ತಾಗುತ್ತದೆ.

ಟರ್ನೋವರ್ ಎಲ್ಲಾ ಒಂದೇ ಅಲ್ಲ. ಬಾಲ್ ಗೆರೆ ಆಚೆ ಹೋಯಿತು, ಬಾಲ್ ಪುಟಿಸದೆ ಹೆಜ್ಜೆ ಹಾಕಿ ಟ್ರಾವೆಲ್ ಆಯಿತು, 8 ಸೆಕೆಂಡಲ್ಲಿ ಅರ್ಧ ಕೋರ್ಟ್ ದಾಟಲಿಲ್ಲ ಅಂದರೆ ಆಟ ನಿಲ್ಲುತ್ತದೆ, ನಮ್ಮವರು ಹಿಂದೆ ಓಡಿ ನಿಲ್ಲಲು ಸಮಯ ಸಿಗುತ್ತದೆ. ಕೈಯಿಂದಲೇ ಕಿತ್ತುಕೊಂಡು ಹೋದರೆ ಎದುರಿನವರಿಗೆ ಸುಮ್ನೆ ಒಂದು ಲೇಅಪ್, ಅಂದರೆ ರಿಂಗಿನ ಹತ್ತಿರದ ಸುಲಭದ ಶಾಟ್, ಕೊಟ್ಟ ಹಾಗೆ. ಈ ಎರಡನೇ ಬಗೆಯದಕ್ಕೆ ನೋಟ್‌ಬುಕ್‌ನಲ್ಲಿ ಸುತ್ತು ಹಾಕಿ. ನಾನಂತೂ ಮೊದಲು ನೋಡುವುದೇ ಈ ಸುತ್ತುಗಳನ್ನು.

ಅಸಿಸ್ಟ್ ವಿಷಯದಲ್ಲಿ ಒಂದು ಅನ್ಯಾಯ ಇದೆ. ಗಾರ್ಡ್ ಚೆನ್ನಾಗಿ ಪಾಸ್ ಕೊಟ್ಟ, ಗೆಳೆಯ ಖಾಲಿ ಜಾಗದಿಂದ ಎಸೆದ, ಬೀಳಲಿಲ್ಲ. ಲೆಕ್ಕದಲ್ಲಿ ಗಾರ್ಡ್‌ಗೆ ಏನೂ ಇಲ್ಲ. ಶೂಟರ್‌ಗಳು ಕಡಿಮೆ ಇರುವ ತಂಡದಲ್ಲಿ ಬಾಲ್ ತಂದು ಹಂಚುವ ಒಳ್ಳೆ ಪಾಯಿಂಟ್ ಗಾರ್ಡ್ ಹೀಗೇ ಕಣ್ಣಿಗೆ ಬೀಳದೆ ಹೋಗುತ್ತಾನೆ, ನನಗೆ ತುಂಬಾ ಬೇಜಾರಾಗುವ ವಿಷಯ ಇದು. ಅದಕ್ಕೆ ಶಾಟ್ ಬೀಳಲಿ ಬಿಡಲಿ, ನೇರವಾಗಿ ಶಾಟ್‌ಗೆ ದಾರಿ ಮಾಡಿದ ಪಾಸ್‌ಗೆಲ್ಲ ಒಂದು ಗೀಟು ಹಾಕಿ. ಬಿದ್ದದ್ದನ್ನು ಮಾತ್ರ ಅಸಿಸ್ಟ್ ಅನ್ನಿ, ಆದರೆ ಹೋಲಿಸುವಾಗ ಗೀಟುಗಳನ್ನೂ ಎಣಿಸಿ.

ಇನ್ನು ಮುಖ್ಯ ಲೆಕ್ಕ, ಜೋಡಿಗಳದ್ದು. ಕೋರ್ಟಲ್ಲಿ ಸಾಮಾನ್ಯವಾಗಿ ಇಬ್ಬರು ಗಾರ್ಡ್ ಇರುತ್ತಾರೆ, ಆದ್ದರಿಂದ ಒಬ್ಬೊಬ್ಬರನ್ನೇ ತೂಗಿದರೆ ಅರ್ಧ ಮಾತ್ರ ಕಾಣುತ್ತದೆ. ಪ್ರತಿ ಜೋಡಿ ಒಳಗಿದ್ದಾಗ ನಾವು ಎಷ್ಟು ಮಾಡಿದೆವು, ಅವರು ಎಷ್ಟು ಮಾಡಿದರು ಅಂತ ಬದಲಿ ಪುಟದಿಂದ ತೆಗೆಯಿರಿ. ನಿಮಿಷಕ್ಕಿಂತ ಪೊಸೆಷನ್ ಲೆಕ್ಕ ಚೆನ್ನ, ಯಾಕಂದರೆ ಕೆಲವು ತಂಡ ಓಡಿ ಆಡುತ್ತವೆ, ಕೆಲವು ಶಾಟ್ ಎಸೆಯಲು ಸಿಗುವ 24 ಸೆಕೆಂಡ್ ಪೂರ್ತಿ ಬಳಸುತ್ತವೆ. ಬಾಲ್ ನಮ್ಮ ಕೈಗೆ ಬಂದು ಅವರ ಕೈಗೆ ಹೋಗುವ ತನಕ ಒಂದು ಪೊಸೆಷನ್. ಎಣಿಸಲು ಆಗದಿದ್ದರೆ ಹೀಗೆ ಅಂದಾಜು ಮಾಡಬಹುದು: ಎಸೆದ ಶಾಟ್‌ಗೆ ಟರ್ನೋವರ್ ಕೂಡಿಸಿ, ಫ್ರೀ ಥ್ರೋ ಸಂಖ್ಯೆಯನ್ನು 0.44ರಿಂದ ಗುಣಿಸಿ ಅದನ್ನೂ ಸೇರಿಸಿ, ನಮ್ಮ ಶಾಟ್ ತಪ್ಪಿ ನಾವೇ ಹಿಡಿದ ರಿಬೌಂಡ್‌ಗಳನ್ನು ಕಳೆಯಿರಿ. ಈ 0.44 ಅಮೆರಿಕದ ಎನ್‌ಬಿಎ ಲೀಗಿನ ಆಟಗಳಿಂದ ಬಂದ ಅಂದಾಜು. ನಮ್ಮ ಆಟಕ್ಕೆ ಚೂರು ಹೆಚ್ಚುಕಡಿಮೆ ಆದರೂ, ನಮ್ಮದೇ ಹುಡುಗರನ್ನು ಪರಸ್ಪರ ಹೋಲಿಸಲು ತೊಂದರೆ ಇಲ್ಲ.

ಅದೇ ಉದಾಹರಣೆ ಮುಂದುವರಿಸೋಣ. 4 ಮತ್ತು ಇನ್ನೊಬ್ಬ ಗಾರ್ಡ್ 7 ಜೊತೆಗಿದ್ದಾಗ ಎರಡೂ ಕಡೆ 30 ಪೊಸೆಷನ್, ನಾವು 26 ಪಾಯಿಂಟ್, ಅವರು 33. ನೂರು ಪೊಸೆಷನ್‌ಗೆ ಲೆಕ್ಕ ಹಾಕಿದರೆ ನಮ್ಮದು ಸುಮಾರು 87, ಅವರದು 110. 7 ಮತ್ತು 11 ಇದ್ದಾಗ ಎರಡೂ ಕಡೆ 25 ಪೊಸೆಷನ್, ನಾವು 26, ಅವರು 25. ನಮ್ಮದು 104, ಅವರದು 100. ಇದನ್ನು ನೋಡಿ ತಕ್ಷಣ 4ನ್ನು ಬೆಂಚಿಗೆ ಕಳಿಸಬೇಡಿ! 25 ಪೊಸೆಷನ್‌ನಲ್ಲಿ ಎರಡು ಮೂರರ ಶಾಟ್ ಆ ಕಡೆ ಈ ಕಡೆ ಆದರೆ 6 ಪಾಯಿಂಟ್, ನೂರಕ್ಕೆ 24ರ ವ್ಯತ್ಯಾಸ. ಒಂದು ಮ್ಯಾಚಿನ ಅಂಕಿ ಅಂದರೆ ಇಷ್ಟೇ ಗಟ್ಟಿ. ಐದಾರು ಮ್ಯಾಚ್ ಕೂಡಿಸಿ, ಆಗಲೂ ಅದೇ ಕಡೆಗೆ ವಾಲಿದರೆ ನಂಬಲು ಶುರು ಮಾಡಿ. ಇನ್ನೊಂದು, 11 ಆಡಿದ್ದು ಅವರ ಒಳ್ಳೆ ಗಾರ್ಡ್ ಬೆಂಚಿನಲ್ಲಿ ಕೂತಾಗಲೇ ಇರಬಹುದು. ಬದಲಿ ಪುಟದಲ್ಲಿ ಅವರ ಮುಖ್ಯ ಗಾರ್ಡ್ ಒಳಗಿದ್ದನೋ ಇಲ್ಲವೋ ಅನ್ನೋದಕ್ಕೂ ಒಂದು ಟಿಕ್ ಇರಲಿ.

ನಮ್ಮ ಕಡೆಯವರು ಬಿಡಲೇಬಾರದ ಒಂದು ಲೆಕ್ಕ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ, ಬಯಲಿನ ಸಿಮೆಂಟ್ ಕೋರ್ಟ್ ಸಂಜೆ ಐದಕ್ಕೂ ಕಾದ ಹೆಂಚಿನ ಹಾಗೇ ಇರುತ್ತದೆ. ಇಂಥ ಕೋರ್ಟಲ್ಲಿ ಎಲ್ಲರಿಗಿಂತ ಜಾಸ್ತಿ ಓಡುವವನು ಗಾರ್ಡ್. ಆದ್ದರಿಂದ ಅವನು ಒಳಗೆ ಹೋದ ಮೊದಲ ಐದು ನಿಮಿಷದ ಟರ್ನೋವರ್ ಬೇರೆ, ಐದು ನಿಮಿಷ ಆದ ಮೇಲಿನದು ಬೇರೆ ಬರೆಯಿರಿ. ಶಾಟ್ ರಿಂಗಿನ ಮುಂಭಾಗಕ್ಕೆ ತಗುಲಿ ಆಚೆ ಬಿದ್ದರೆ ಅದನ್ನೂ ಗುರುತಿಸಿ, ಕಾಲಲ್ಲಿ ಶಕ್ತಿ ಮುಗಿದಾಗ ಬಾಲ್ ಗಿಡ್ಡ ಬೀಳುತ್ತದೆ. ನಾನು ಹೀಗೆ ಬರೆಯಲು ಶುರು ಮಾಡಿದ ಮೇಲೆ ಗೊತ್ತಾಯಿತು, ಕೈ ಸರಿಯಿಲ್ಲ ಅಂತ ನಾವು ಬೈಯುತ್ತಿದ್ದ ಹುಡುಗನ ಸುತ್ತುಗಳೆಲ್ಲ ಕ್ವಾರ್ಟರ್‌ನ ಕೊನೆ ಎರಡು ಮೂರು ನಿಮಿಷದಲ್ಲೇ ಇದ್ದವು. ಅವನಿಗೆ ಬೇಕಾಗಿದ್ದದ್ದು ನಡುವೆ ಎರಡು ನಿಮಿಷ ಕೂರುವುದು, ಒಂದು ಲೋಟ ನೀರು. ಸುಮ್ನೆ ಬೈಸಿಕೊಂಡ ಪಾಪ.

ಫೌಲ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಐದಾದರೆ ಆಟಗಾರ ಹೊರಗೆ, ಕ್ವಾರ್ಟರ್‌ನಲ್ಲಿ ತಂಡದ ಐದನೇ ಫೌಲ್‌ನಿಂದ ಅವರಿಗೆ ಎರಡು ಫ್ರೀ ಥ್ರೋ. ಮೇಲೆ ಹೋಗಿ ಒತ್ತಿ ಆಡುವ ಗಾರ್ಡ್ ಎಷ್ಟು ನಿಮಿಷಕ್ಕೊಂದು ಫೌಲ್ ಮಾಡುತ್ತಾನೆ ಅಂತ ಗೊತ್ತಿದ್ದರೆ ಅವನನ್ನು ಯಾವಾಗ ಉಳಿಸಿಕೊಳ್ಳಬೇಕು ಅನ್ನೋದೂ ಗೊತ್ತಾಗುತ್ತದೆ.

ಅಂಕಿ ಕೈಗೆ ಬಂದ ಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಮೊದಲು, ಬಾಲ್ ತರಬಲ್ಲ ಇಬ್ಬರನ್ನೂ ಒಟ್ಟಿಗೆ ಕೂರಿಸುವುದನ್ನು ನಿಲ್ಲಿಸಿ. ಆಮೇಲೆ ಕೊನೆ ಐದು ನಿಮಿಷಕ್ಕೆ ಜೋಡಿ ಆರಿಸಿ. ಮ್ಯಾಚ್ ಶುರು ಮಾಡುವವರೇ ಮುಗಿಸಬೇಕು ಅಂತೇನಿಲ್ಲ, ಕೊನೆಗೆ ಸುತ್ತು ಕಡಿಮೆ ಇರುವ ಜೋಡಿಯನ್ನೇ ಇಟ್ಟುಕೊಳ್ಳಿ.

ಹುಡುಗನಿಗೆ ಹೇಳುವುದೇ ಕಷ್ಟದ ಕೆಲಸ. "ಸರ್, 14 ಹೊಡ್ದೀನಲ್ರೀ, ಆದ್ರೂ ಕೂರಿಸ್ತೀರೇನ್ರೀ?" ಅಂತ ಕೇಳಿಯೇ ಕೇಳುತ್ತಾನೆ. ಎಲ್ಲರ ಮುಂದೆ ಉತ್ತರ ಕೊಡಬೇಡಿ. ಪಕ್ಕಕ್ಕೆ ಕರೆದು ನೋಟ್‌ಬುಕ್ ತೆಗೆಯಿರಿ, ಅವನ ಗೀಟುಗಳನ್ನು ಮೊದಲು ತೋರಿಸಿ, "ತಮ್ಮಾ, ಈ ಪಾಸ್ ಎಲ್ಲಾ ನಿನ್ನದೇ ನೋಡು" ಅನ್ನಿ, ಆಮೇಲೆ ಸುತ್ತು ಹಾಕಿದ್ದನ್ನು ತೋರಿಸಿ. ಮುಂದಿನ ಮ್ಯಾಚಲ್ಲಿ ಅವನು ಬೆಂಚಿನಲ್ಲಿ ಕೂತ ಹೊತ್ತಿಗೆ ಗೀಟು ಹಾಕುವ ಪೆನ್ನು ಅವನ ಕೈಗೇ ಕೊಡಿ.