ಪಿಚರ್‌ನ ಇಡೀ ವೃತ್ತಿಯನ್ನು ಲೀಗ್ ಸರಾಸರಿಗೆ ಹೋಲಿಸುವ ಲೆಕ್ಕ

ಅಮೆರಿಕದ ಬೇಸ್‌ಬಾಲ್‌ನಲ್ಲಿ ಪಿಚರ್ ಎಂದರೆ ಚೆಂಡು ಎಸೆಯುವವರು, ಅವರ ಅಳತೆ ಇಆರ್‌ಎ, ಕಡಿಮೆಯಿದ್ದಷ್ಟೂ ಒಳ್ಳೆಯದು. 1968ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನ ಪಿಚರ್ ಬಾಬ್ ಗಿಬ್ಸನ್ ಅವರ ಇಆರ್‌ಎ 1.12. 2000ನೇ ಇಸವಿಯಲ್ಲಿ ಬಾಸ್ಟನ್ ರೆಡ್ ಸಾಕ್ಸ್‌ನ ಪೆಡ್ರೊ ಮಾರ್ಟಿನೆಜ್ ಅವರದು 1.74. ಮೇಲ್ನೋಟಕ್ಕೆ ಗಿಬ್ಸನ್ನೇ ಮುಂದೆ. ಆದರೆ 1968ರಲ್ಲಿ ಗಿಬ್ಸನ್ ಆಡಿದ ನ್ಯಾಷನಲ್ ಲೀಗ್‌ನ ಸರಾಸರಿಯೇ 2.99 ಇತ್ತು, ಪೆಡ್ರೊ ಆಡಿದ ಅಮೆರಿಕನ್ ಲೀಗ್‌ನಲ್ಲಿ 2000ರಲ್ಲಿ 4.91. ಲೀಗ್ ಸರಾಸರಿ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಲೆಕ್ಕವನ್ನೂ ವರ್ಷವರ್ಷಕ್ಕೇ ಮಾಡಬೇಕು.

ಕ್ರಿಕೆಟ್ ನೋಡುವವರಿಗೆ ಒಂದು ಮಾತು: ಇಆರ್‌ಎ ಎಂದರೆ ಒಂಬತ್ತು ಇನಿಂಗ್ಸ್‌ಗೆ ಪಿಚರ್ ಬಿಟ್ಟುಕೊಟ್ಟ ರನ್. ಫೀಲ್ಡರ್‌ಗಳ ತಪ್ಪಿನಿಂದ ಬಂದ ರನ್‌ಗಳನ್ನು ಇದರಲ್ಲಿ ಎಣಿಸುವುದಿಲ್ಲ. ಒಂಬತ್ತು ಇನಿಂಗ್ಸ್ ಎಂದರೆ 27 ಔಟ್, ಹಾಗಾಗಿ ಇದು ಬೌಲಿಂಗ್ ಸರಾಸರಿಗೆ ಹತ್ತಿರವೇ ಹೊರತು ಎಕಾನಮಿ ರೇಟ್‌ಗಲ್ಲ.

ಮೊದಲು ಶೀಟ್‌ನಲ್ಲಿ ವರ್ಷಕ್ಕೊಂದು ಸಾಲಿನಂತೆ ಲೀಗ್, ಇನಿಂಗ್ಸ್, ಅರ್ನ್ಡ್ ರನ್ (ಇಆರ್‌ಎಯಲ್ಲಿ ಎಣಿಸುವ ರನ್), ಆ ಲೀಗ್‌ನ ಇಆರ್‌ಎ ಬರೆದುಕೊಳ್ಳಿ. ನಡುವೆ ಲೀಗ್ ಬದಲಾಗಿದ್ದರೆ ಆ ವರ್ಷಕ್ಕೆ ಎರಡು ಸಾಲು ಬೇಕು. 1973ರಿಂದ 2021ರವರೆಗೆ ಇದು ಮುಖ್ಯ. ಅಮೆರಿಕನ್ ಲೀಗ್‌ನಲ್ಲಿ ಪಿಚರ್ ಬದಲು ಡೆಸಿಗ್ನೇಟೆಡ್ ಹಿಟ್ಟರ್ ಬ್ಯಾಟ್ ಬೀಸುತ್ತಿದ್ದರು, ರನ್ ಸಹಜವಾಗಿಯೇ ಹೆಚ್ಚು. (2020ರ ಕಿರು ಸೀಸನ್‌ನಲ್ಲಿ ಮಾತ್ರ ಎರಡೂ ಕಡೆ ಅದೇ ನಿಯಮವಿತ್ತು.)

ಹೆಚ್ಚಿನವರು ಎಡವುವುದು ಇನಿಂಗ್ಸ್ ಅಂಕಣದಲ್ಲಿ. 122.1 ಎಂದರೆ 122 ಇನಿಂಗ್ಸ್ ಮತ್ತು ಒಂದು ಔಟ್, ಅಂದರೆ ಮೂರನೇ ಒಂದು ಭಾಗ. 2008ರಲ್ಲಿ ಸಿಸಿ ಸಬಾಥಿಯಾ ಕ್ಲೀವ್‌ಲ್ಯಾಂಡ್ ಪರ 122.1, ಮಿಲ್ವಾಕೀ ಪರ 130.2 ಇನಿಂಗ್ಸ್ ಎಸೆದರು. ಶೀಟ್‌ಗೆ ಕೂಡಲು ಬಿಟ್ಟರೆ 252.3 ಎನ್ನುತ್ತದೆ, ನಿಜವಾದ ಮೊತ್ತ 253. ಎಲ್ಲವನ್ನೂ ಔಟ್‌ಗಳಿಗೆ ಇಳಿಸಿ (367 ಮತ್ತು 392), ಕೂಡಿ, ಕೊನೆಗೆ 3ರಿಂದ ಭಾಗಿಸಿ. ಬೇಸ್‌ಬಾಲ್ ಅಂಕಿಅಂಶಗಳ ಲಾಹ್‌ಮನ್ ದತ್ತಸಂಚಯದಲ್ಲಿ ಇನಿಂಗ್ಸ್ ಔಟ್‌ಗಳ ಲೆಕ್ಕದಲ್ಲೇ ಇರುವುದರಿಂದ ಈ ತಾಪತ್ರಯವಿಲ್ಲ.

ಈಗ ಪ್ರತಿ ಸಾಲಿಗೂ ಇನಿಂಗ್ಸ್ × ಲೀಗ್ ಇಆರ್‌ಎ ÷ 9. ಅಷ್ಟೇ ಇನಿಂಗ್ಸ್‌ನಲ್ಲಿ ಸಾಧಾರಣ ಪಿಚರ್ ಎಷ್ಟು ರನ್ ಕೊಡುತ್ತಿದ್ದ ಎಂಬುದು ಸಿಗುತ್ತದೆ. ಗಿಬ್ಸನ್ ಅವರ 304.2ಕ್ಕೆ ಇದು ಸುಮಾರು 101. ಅವರು ಕೊಟ್ಟಿದ್ದು 38. ಪೆಡ್ರೊ ಅವರ 217ಕ್ಕೆ 118, ಕೊಟ್ಟಿದ್ದು 42. 87 ಇನಿಂಗ್ಸ್ ಕಡಿಮೆ ಎಸೆದೂ ಪೆಡ್ರೊ 76 ರನ್ ಉಳಿಸಿದ್ದಾರೆ, ಗಿಬ್ಸನ್ 63.

ವೃತ್ತಿಯ ಅಂಕಿ ಬೇಕಾದರೆ ನಿರೀಕ್ಷಿತ ರನ್‌ಗಳ ಒಟ್ಟು ಮೊತ್ತವನ್ನು ಕೊಟ್ಟ ರನ್‌ಗಳ ಒಟ್ಟು ಮೊತ್ತದಿಂದ ಭಾಗಿಸಿ 100ರಿಂದ ಗುಣಿಸಿ. 100 ಬಂದರೆ ಲೀಗ್‌ನ ಸರಾಸರಿ ಪಿಚರ್, ಹೆಚ್ಚಾದಷ್ಟೂ ಒಳ್ಳೆಯದು. ಪ್ರತಿ ವರ್ಷದ ಅಂಕಿಗಳ ಸರಾಸರಿ ಮಾತ್ರ ತೆಗೆಯಬೇಡಿ. ಒಬ್ಬ ಪಿಚರ್‌ಗೆ ಒಂದು ವರ್ಷ ನಿರೀಕ್ಷೆ 90, ಕೊಟ್ಟಿದ್ದು 60 (ಅಂಕಿ 150). ಗಾಯವಾಗಿ ಬರೀ 20 ಇನಿಂಗ್ಸ್ ಆಡಿದ ಮರುವರ್ಷ ನಿರೀಕ್ಷೆ 10, ಕೊಟ್ಟಿದ್ದು 2 (ಅಂಕಿ 500) ಎಂದುಕೊಳ್ಳಿ. ಸರಾಸರಿ ತೆಗೆದರೆ 325 ಎಂಬ ಹುಚ್ಚು ಸಂಖ್ಯೆ. ಸರಿಯಾದ ಉತ್ತರ 100 ÷ 62 × 100, ಅಂದರೆ 161.

ನಿಮ್ಮ ಉತ್ತರ ಪ್ರಕಟಿತ ಇಆರ್‌ಎ ಪ್ಲಸ್‌ಗೆ (ಲೀಗ್ ಸರಾಸರಿಗೆ ಹೀಗೆ ಹೋಲಿಸಿದ ಅಂಕಿಯ ಹೆಸರು) ಕರಾರುವಾಕ್ಕಾಗಿ ಹೊಂದದಿದ್ದರೆ ಗಾಬರಿ ಬೇಡ. ಮೇಲಿನ ಲೆಕ್ಕದಲ್ಲಿ ಪೆಡ್ರೊಗೆ 282, ಗಿಬ್ಸನ್‌ಗೆ 266 ಬರುತ್ತದೆ. ಬೇಸ್‌ಬಾಲ್ ರೆಫರೆನ್ಸ್ ತಾಣ 291 ಮತ್ತು 258 ಎನ್ನುತ್ತದೆ. ವ್ಯತ್ಯಾಸಕ್ಕೆ ಮುಖ್ಯ ಕಾರಣ ಮೈದಾನದ ತಿದ್ದುಪಡಿ. ಡೆನ್ವರ್‌ನ ಕೂರ್ಸ್ ಫೀಲ್ಡ್‌ನಂಥ ಎತ್ತರದ, ತೆಳುಗಾಳಿಯ ಮೈದಾನದಲ್ಲಿ ಎಸೆದವರನ್ನು ಈ ತಿದ್ದುಪಡಿ ಇಲ್ಲದೆ ಅಳೆಯುವುದು ಅನ್ಯಾಯ. ತಿದ್ದಲು ಲೀಗ್ ಇಆರ್‌ಎಯನ್ನು ಪಾರ್ಕ್ ಫ್ಯಾಕ್ಟರ್‌ನಿಂದ (ಆ ಮೈದಾನದಲ್ಲಿ ಸರಾಸರಿಗಿಂತ ಎಷ್ಟು ಪಟ್ಟು ರನ್ ಬರುತ್ತದೆ ಎಂಬ ಅಂಕಿ) ಗುಣಿಸಿ. ಹಲವು ವರ್ಷಗಳ ಫ್ಯಾಕ್ಟರ್ ಬಳಸಿ, ಒಂದೇ ವರ್ಷದ್ದು ವಿಪರೀತ ಏರಿಳಿಯುತ್ತದೆ.

ಸ್ಟ್ರೈಕ್‌ಔಟ್‌ಗಳಿಗೂ (ಮೂರು ಸ್ಟ್ರೈಕ್‌ಗಳಿಂದ ಬ್ಯಾಟರ್‌ನನ್ನು ಔಟ್ ಮಾಡುವುದು) ಇದೇ ದಾರಿ, ಆದರೆ ಹೆಚ್ಚಿದ್ದಷ್ಟೂ ಒಳ್ಳೆಯದಾದ್ದರಿಂದ ಪಡೆದದ್ದನ್ನು ನಿರೀಕ್ಷಿತದಿಂದ ಭಾಗಿಸಿ. ಅಲ್ಲಿ ಇನಿಂಗ್ಸ್ ಬದಲು ಎದುರಿಸಿದ ಬ್ಯಾಟರ್‌ಗಳ ಸಂಖ್ಯೆ ಹಿಡಿಯಿರಿ.

ಕೊನೆಯಲ್ಲಿ ಅನುಪಾತದ ಪಕ್ಕದಲ್ಲೇ ಉಳಿಸಿದ ರನ್‌ಗಳ ಅಂಕಣವನ್ನೂ ಇಡಿ. ರಿಲೀವರ್ (ಪಂದ್ಯದ ನಡುವೆ ಬದಲಿಯಾಗಿ ಬರುವ ಪಿಚರ್) ಮರಿಯಾನೊ ರಿವೇರಾ ಅವರ ವೃತ್ತಿಯ ಇಆರ್‌ಎ ಪ್ಲಸ್ 205, ವಾಲ್ಟರ್ ಜಾನ್ಸನ್ ಅವರದು 147. ಆದರೆ ರಿವೇರಾ ಎಸೆದದ್ದು 1,283.2 ಇನಿಂಗ್ಸ್, ಜಾನ್ಸನ್ 5,914.1. ಆ ಲೆಕ್ಕದಲ್ಲಿ ರಿವೇರಾ ಉಳಿಸಿದ್ದು ಸುಮಾರು 330 ರನ್, ಜಾನ್ಸನ್ ಅದರ ಇಮ್ಮಡಿ.