ಅಲುಗಾಡುತ್ತಿದ್ದ ರೇಲಿಂಗ್ ಕಂಬ ಕೊನೆಗೂ ನಿಂತಿತು

ಮರದ ಡೆಕ್ಕಿನ ರೇಲಿಂಗಿಗೆ ಒರಗಿದರೆ ಸಾಕು, ನಡುವಿನ ಕಂಬ ಎರಡು ಬೆರಳಿನಷ್ಟು ಹೊರಗೆ ವಾಲುತ್ತಿತ್ತು. ಮೂರು ಸಲ ಸ್ಕ್ರೂ ಬಿಗಿದೆ. ನಾಲ್ಕನೆಯ ಸಲ ಹಟಕ್ಕೆ ಬಿದ್ದು ಇನ್ನೂ ಉದ್ದದ ಸ್ಕ್ರೂ ಹಾಕಿದೆ. ವಾರದೊಳಗೆ ಮತ್ತೆ ಅದೇ ಕಥೆ.

ಎರಡು ಹಲಗೆ ಬಿಚ್ಚಿ ಕೆಳಗೆ ಇಣುಕಿದಾಗ ಗುಟ್ಟು ತಿಳಿಯಿತು. ಕಂಬ ಗಟ್ಟಿಯಾಗಿಯೇ ಇತ್ತು. ಅದನ್ನು ಹಿಡಿದಿದ್ದ ಅಂಚಿನ ತೊಲೆಯೇ ತಿರುಚಿಕೊಳ್ಳುತ್ತಿತ್ತು. ಕಂಬವೆಂದರೆ ಸನ್ನೆಗೋಲು ತಾನೇ? 1 ಮೀಟರ್ ಎತ್ತರದಲ್ಲಿ ತಳ್ಳಿದ ಬಲ, 10 ಸೆಂ.ಮೀ. ಅಂತರದ ಎರಡು ಸ್ಕ್ರೂಗಳಲ್ಲಿ ಮೇಲಿನದನ್ನು ಸುಮಾರು ಹತ್ತು ಪಟ್ಟು ಜೋರಾಗಿ ಎಳೆಯುತ್ತದೆ. ಪಾಪ, ಸ್ಕ್ರೂ ಏನು ಮಾಡೀತು!

ಸ್ಕ್ರೂಗಳನ್ನೆಲ್ಲ ಕಿತ್ತೆಸೆದೆ. ಕಂಬವನ್ನೂ ತೊಲೆಯನ್ನೂ ಪೂರ್ತಿ ದಾಟುವಂತೆ, ಸತು ಲೇಪನದ 12 ಮಿ.ಮೀ. ದಪ್ಪದ ಎರಡು ಬೋಲ್ಟ್ ತೂರಿಸಿ ಎರಡೂ ಬದಿಗೆ ವಾಷರ್ ಕೊಟ್ಟೆ. ಮೇಲಿನ ಬೋಲ್ಟನ್ನು ಉಕ್ಕಿನ ಬ್ರಾಕೆಟ್ ಮೂಲಕ ಒಳಗಿನ ತೊಲೆಯ ಪಕ್ಕಕ್ಕೆ ಬಿಗಿದದ್ದೇ ನಿಜವಾದ ಮದ್ದು: ಈಗ ಎಳೆತ ಅಂಚಿನಲ್ಲಿ ನಿಲ್ಲದೆ ಇಡೀ ಚೌಕಟ್ಟಿಗೆ ಹಂಚಿಹೋಗುತ್ತದೆ. ತೊಲೆಗಳ ನಡುವೆ ದಪ್ಪ ಮರದ ತುಂಡುಗಳನ್ನೂ ಬಿಗಿಯಾಗಿ ಕೂರಿಸಿದೆ. ಅಂದವಾಗಿ ಕಾಣಲೆಂದು ಕಂಬದ ಬುಡವನ್ನು ಕೊರೆದು ತೆಳುವಾಗಿಸುವ ಆಸೆಯಿತ್ತು. ಮುರಿಯುವುದು ಅಲ್ಲಿಯೇ ಎಂದು ಬಿಟ್ಟುಬಿಟ್ಟೆ.

ಅಂತಿಮ ಬಿಗಿತಕ್ಕೆ ಮುನ್ನ ರಸಮಟ್ಟ ಹಿಡಿದು ನೋಡಲು ಮರೆತೆ. ಕಂಬ ಅಲುಗುವುದಿಲ್ಲ, ಆದರೆ ಕೂದಲೆಳೆಯಷ್ಟು ಓರೆಯಾಗಿದೆ.