ಪದ್ಮಿನಿಯ ಪಂಪು ಮತ್ತು ಒಂದು ತುಂಡು ಹಳೆಯ ಸೀರೆ

ಕಳೆದ ಏಪ್ರಿಲ್‌ನಲ್ಲಿ ಉಡುಪಿಯಿಂದ ತೀರ್ಥಹಳ್ಳಿಗೆ ಮರಳುವಾಗ ಆಗುಂಬೆ ಘಾಟಿಯ ನಡುವೆ ನನ್ನ 1984ರ ಪ್ರೀಮಿಯರ್ ಪದ್ಮಿನಿ ಎರಡು ಸಲ ಮುಗ್ಗರಿಸಿ ನಿಂತಿತು. ಹಿಂದಿನ ಸೀಟಿನಲ್ಲಿದ್ದ ಅಮ್ಮ, "ಬಟ್ಟೆ ಒದ್ದೆ ಮಾಡಲೇನೋ?" ಎಂದರು. ಅವರಿಗೂ ಅಭ್ಯಾಸವಾಗಿದೆ. ಟ್ಯಾಂಕಿನಿಂದ ಪೆಟ್ರೋಲು ಎಳೆದುಕೊಡುವ ಪಂಪಿನೊಳಗೆ ಬಿಸಿಗೆ ಪೆಟ್ರೋಲು ಆವಿಯಾದರೆ ಪಂಪು ಬರೀ ಆವಿಯನ್ನೇ ಎಳೆಯುತ್ತದೆ, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರಿಗೆ ಹನಿಯೂ ತಲುಪುವುದಿಲ್ಲ. ಹಳೆಯ ಹತ್ತಿ ಸೀರೆಯ ತುಂಡನ್ನು ನೀರಿನಲ್ಲಿ ಅದ್ದಿ ಪಂಪಿಗೆ ಸುತ್ತಿ ಕಾಲು ಗಂಟೆ ಕಾದೆವು. ಗಾಡಿ ಘಾಟಿ ಹತ್ತಿತು.

ಆದರೆ ಮನೆಗೆ ಬಂದು ಎಂಜಿನ್ ಎಣ್ಣೆಯ ಮಟ್ಟ ನೋಡುವ ಎಣ್ಣೆಕಡ್ಡಿ ಎಳೆದು ಮೂಸಿದರೆ ಪೆಟ್ರೋಲ್ ವಾಸನೆ! ಪಂಪಿನ ಡಯಾಫ್ರಮ್, ಅಂದರೆ ಒಳಗೆ ಮೇಲೆ ಕೆಳಗೆ ಆಡುತ್ತ ಪೆಟ್ರೋಲು ಎಳೆಯುವ ರಬ್ಬರ್ ಪೊರೆ, ಬಿರುಕು ಬಿಟ್ಟು ಪೆಟ್ರೋಲು ಎಂಜಿನ್ ಎಣ್ಣೆಗೆ ಇಳಿಯುತ್ತಿತ್ತು. ಹಾಗೇ ಓಡಿಸಿದ್ದರೆ ಎಣ್ಣೆ ತೆಳ್ಳಗಾಗಿ ಬೇರಿಂಗುಗಳು ಸವೆದುಹೋಗುತ್ತಿದ್ದವು. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ, ಹಳೆಯ ರಬ್ಬರಿಗೆ ಅದು ಆಗಿಬರುವುದಿಲ್ಲ.

ಈ ಕಾರಿನ ತಯಾರಿಕೆ ನಿಂತು ಎರಡು ದಶಕ ದಾಟಿದೆ. ಶಿವಮೊಗ್ಗದ ಆಟೊ ಕಾಂಪ್ಲೆಕ್ಸಿನಲ್ಲೂ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಹುಡುಕಿಸಿದೆ. ಸಿಕ್ಕ ಒಂದೇ ಒಂದು ಪಂಪು ರಿಪೇರಿ ಕಿಟ್ಟಿನ ರಬ್ಬರು ಪೊಟ್ಟಣದಲ್ಲೇ ಒಣಗಿ ಹಪ್ಪಳವಾಗಿತ್ತು. ಇನ್ನು ಕೈಯಾರೆ ಮಾಡಿಕೊಳ್ಳುವುದೇ ಸೈ.

ಮೊದಲು ಸೈಕಲ್ ಟ್ಯೂಬ್ ಕತ್ತರಿಸಿ ಹಾಕಿದೆ. ಪೆಟ್ರೋಲು ಕುಡಿದು ನಾಲ್ಕೇ ದಿನಕ್ಕೆ ಉಬ್ಬಿಹೋಯಿತು. ಆ ತಪ್ಪನ್ನು ಯಾರೂ ಮಾಡಬೇಡಿ. ಬೇಕಾದದ್ದು ಪೆಟ್ರೋಲನ್ನು ತಡೆದುಕೊಳ್ಳುವ ನೈಟ್ರೈಲ್ ರಬ್ಬರ್ ಲೇಪಿಸಿದ ಬಟ್ಟೆಯ ಹಾಳೆ. ಹಳೆಯ ಡಯಾಫ್ರಮನ್ನು ಅದರ ಮೇಲಿಟ್ಟು ಗೆರೆ ಎಳೆದು ಎರಡು ಪದರ ಕತ್ತರಿಸಿದೆ. ಬೆಲ್ಟಿಗೆ ತೂತು ಹೊಡೆಯುವ ಪಂಚಿನಿಂದ ತಿರುಪುಗಳಿಗೆ ರಂಧ್ರ ಮಾಡಿದೆ. ನಡುವಿನ ಸರಳಿನ ರಿವಿಟ್ಟನ್ನು ಅರದಿಂದ ಉಜ್ಜಿ ಬಿಡಿಸಿ, ಲೇತ್ ಮೇಸ್ತ್ರಿಯಿಂದ ಥ್ರೆಡ್ ಹಾಕಿಸಿ ನಟ್ಟು ಬಿಗಿಸಿದೆ.

ಜೋಡಿಸುವಾಗ ಮೇಸ್ತ್ರಿ ನನ್ನ ಕೈ ಹಿಡಿದು ನಿಲ್ಲಿಸಿದರು. "ಸಾರ್, ತೋಳು ಒತ್ತಿ ಹಿಡೀರಿ, ಆಮೇಲೆ ತಿರುಪು." ಎಂಜಿನ್ ತಳ್ಳಿದಂತೆ ಡಯಾಫ್ರಮನ್ನು ಎಳೆಯುವ ಪಂಪಿನ ತೋಳನ್ನು ಪೂರ್ತಿ ಒತ್ತಿ ಹಿಡಿದು, ಡಯಾಫ್ರಮ್ ಬಾಗಿರುವಾಗಲೇ ಎದುರುಬದುರಿನ ತಿರುಪುಗಳನ್ನು ಸ್ವಲ್ಪಸ್ವಲ್ಪವಾಗಿ ಬಿಗಿಯಬೇಕು. ಸಪಾಟಾಗಿಟ್ಟು ಬಿಗಿದರೆ ಪ್ರತಿ ಎಳೆತಕ್ಕೂ ಜಗ್ಗಿ ಬೇಗ ಹರಿಯುತ್ತದೆ. ಎಣ್ಣೆ ಬದಲಿಸಿದೆ. ಒಂದು ಮಳೆಗಾಲ ಪೂರ್ತಿ ಓಡಿಸಿದ್ದೇನೆ, ಎಣ್ಣೆಕಡ್ಡಿಯಲ್ಲಿ ಪೆಟ್ರೋಲ್ ವಾಸನೆ ಮತ್ತೆ ಬಂದಿಲ್ಲ.

ಒದ್ದೆ ಸೀರೆಯಂಥ ದಾರಿಯ ಉಪಾಯಗಳು ಇನ್ನೂ ಇವೆ. ಎಂಜಿನ್ ತಂಪಿಡುವ ನೀರಿನ ರೇಡಿಯೇಟರು ಸೋರಿದರೆ ಅರಿಶಿನ ಪುಡಿ, ಪೆಟ್ರೋಲ್ ಟ್ಯಾಂಕಿನ ಬಿರುಕಿಗೆ ಬಟ್ಟೆಸೋಪು: ಇವೆರಡನ್ನೂ ನಾನು ಮಾಡಿದ್ದೇನೆ, ಎರಡೂ ಮನೆ ಮುಟ್ಟಿಸಿವೆ. ಆದರೆ ಅರಿಶಿನ ಹಾಕಿದ ನೀರಿನಲ್ಲೇ ತಿಂಗಳುಗಟ್ಟಲೆ ಓಡಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಸೋರುವ ತೂತನ್ನು ಮುಚ್ಚಿದ ಪುಡಿ ರೇಡಿಯೇಟರಿನ ಸಣ್ಣ ಕೊಳವೆಗಳನ್ನೂ ಮುಚ್ಚುತ್ತದೆ. ಮರುದಿನವೇ ತೊಳೆದು ಬೆಸುಗೆ ಹಾಕಿಸಿ.

ಅದೇ ಹಾಳೆಯಿಂದ ಕತ್ತರಿಸಿದ ಇನ್ನೆರಡು ಡಯಾಫ್ರಮ್‌ಗಳು ಡಿಕ್ಕಿಯಲ್ಲಿ ಸೀರೆ ತುಂಡಿನ ಪಕ್ಕದಲ್ಲಿವೆ. ಆಗುಂಬೆ ದಾರಿಯಲ್ಲಿ ಯಾರದಾದರೂ ಪದ್ಮಿನಿ ನಿಂತಿದ್ದು ಕಂಡರೆ ಒಂದನ್ನು ಅವರಿಗೆ ಕೊಡುತ್ತೇನೆ.